ಹದಿನಾಲ್ಕನೆಯ ದಿನ ವಾಪಸ್ ಬಂದ ಸೀರೆ

ಡಬ್ಬದ ಮುಚ್ಚಳ ತೆಗೆದವನೇ ಉದಯಕುಮಾರ್ ಕೂಗಿಕೊಂಡ.

"ಇದು ನಮ್ಮ ಸೀರೆ ಅಲ್ಲ!"

ತುಮಕೂರಿನ ಮಂಡಿಪೇಟೆಯಲ್ಲಿದ್ದ ಅವನ ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಡಬ್ಬದಲ್ಲಿ ಇರಬೇಕಾಗಿದ್ದದ್ದು ಜರಿ ಅಂಚಿನ ಕೆಂಪು ರೇಷ್ಮೆ ಸೀರೆ. ಇದ್ದದ್ದು ಸಂತೆಯಲ್ಲಿ ಸಿಗುವ ಕೆಂಪು ಪಾಲಿಯೆಸ್ಟರ್. ಡಬ್ಬ ತಂದಿದ್ದ ಕರಿಬಸಮ್ಮ ಕೌಂಟರಿನ ಅಂಚು ಹಿಡಿದುಕೊಂಡು ಅಲ್ಲೇ ಕುಸಿದರು.

ಅರ್ಧ ಗಂಟೆಯಲ್ಲಿ ಎಎಸ್‌ಐ ಕೌಸಲ್ಯಮ್ಮ ಬಂದರು. ನಿವೃತ್ತಿಗೆ ಇನ್ನೊಂದೇ ವರ್ಷ. ಮಂಡಿ ನೋವು ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ. ಆದರೆ ನೆಲದ ಮೇಲೆ ಕೂತಿದ್ದ ಹೆಂಗಸಿನ ಮುಖ ನೋಡಿದ ಮೇಲೆ ಅವರ ಬಾಯೂ ಸ್ವಲ್ಪ ತಗ್ಗಿತು.

"ಯಾವೂರು ತಾಯಿ?"

"ನಿಟ್ಟೂರು."

"ಸೀರೆ ಯಾಕೆ ವಾಪಸ್ ತಂದ್ರಿ?"

"ಬದ್ಲು ಮಾಡ್ಸೋಕೆ ಕಣವ್ವ. ಮಗಳು ರೂಪಶ್ರೀ ಮದುವೆಗೆ ತಗೊಂಡಿದ್ದು. ಅವಳು ಹಸಿರು ಬೇಕು ಅಂದ್ಲು. ನಾನೇ ಹಠ ಮಾಡಿ ಕೆಂಪು ತಗೊಂಡೆ. ಮುನಿಸ್ಕೊಂಡು ಬೀರುಲಿಟ್ಬುಟ್ಲು. ನಾನು ಬಿಚ್ಚೂ ನೋಡ್ಲಿಲ್ಲ."

"ಅವಳು ಬರ್ಲಿಲ್ವ?"

"ಡೆಂಗ್ಯೂ ಬಂತು. ಹೋಗ್ಬುಟ್ಲು. ಇವತ್ತಿಗೆ ಏಳು ದಿನ." ಕರಿಬಸಮ್ಮನ ಕಣ್ಣಲ್ಲಿ ನೀರೇ ಉಳಿದಿರಲಿಲ್ಲ. "ಆ ಹಸಿರು ಸೀರೆ ಕೊಟ್ರೆ ಅವಳ ಸಮಾಧಿ ಮೇಲೆ ಹೊದಿಸ್ತೀನಿ. ಇನ್ನೇನೂ ಬೇಡ ನಂಗೆ."

ಅಯ್ಯೋ ಶಿವನೇ ಎಂದುಕೊಂಡರು ಕೌಸಲ್ಯಮ್ಮ.

ಉದಯಕುಮಾರ್ ಕರಗಲಿಲ್ಲ. "ಸತ್ತೋರ ಹೆಸರಲ್ಲಿ ಟೋಪಿ ಹಾಕೋರೂ ಇರ್ತಾರೆ ಮೇಡಮ್. ಕಂಪ್ಲೇಂಟ್ ತಗೊಳ್ಳಿ. ಅಲ್ದೆ, ಮನಸ್ಸು ಬದಲಾಯ್ತು ಅಂತ ತಂದಿದ್ದೆಲ್ಲಾ ವಾಪಸ್ ತಗೋಬೇಕು ಅಂತ ಯಾವ ಕಾನೂನೂ ಇಲ್ಲ."

"ಇಲ್ಲ ಕಣಪ್ಪ, ಒಪ್ಕೊಂಡೆ. ಹರಿದಿದ್ರೆ, ಬಣ್ಣ ಬಿಟ್ರೆ ತಗೊಳ್ಳಲೇಬೇಕು, ಗೋಡೆ ಮೇಲೆ ನೀನು ಯಾವ ಬೋರ್ಡೇ ಹಾಕಿರು. ಬರೀ ಮನಸ್ಸು ಬದಲಾದ್ರೆ ಅದು ಅಂಗಡಿಯೋನ ಇಷ್ಟ." ಕೌಸಲ್ಯಮ್ಮ ಡಬ್ಬದಲ್ಲಿದ್ದ ಬಿಲ್ಲನ್ನು ತಿರುಗಿಸಿ ಹಿಂಬದಿ ಓದಿದರು. "'ಉಡದ ಸೀರೆಯನ್ನು ಹದಿನೈದು ದಿನದೊಳಗೆ ಕಾರಣ ಕೇಳದೆ ಬದಲಾಯಿಸಿಕೊಡಲಾಗುವುದು.' ಇದನ್ನ ಅಚ್ಚು ಹಾಕ್ಸಿದ್ದು ನೀನೇ ತಾನೆ? ಕೊಟ್ಟ ಮಾತಿಗೆ ನಿಲ್ಲಬೇಕು. ಇವತ್ತು ಹದಿನಾಲ್ಕನೇ ದಿನ."

"ನಮ್ಮ ಸೀರೆ ತಂದ್ರೆ ತಾನೆ ಬದಲಾಯ್ಸೋದು?"

"ಮೊದಲೇ ಡಬ್ಬಕ್ಕೆ ಇದನ್ನ ತುಂಬಿ ಕಳ್ಸಿದ್ರೋ ಏನೋ!" ಎಂದ ಹಿಂದೆ ನಿಂತಿದ್ದ ಗಿರಾಕಿಯೊಬ್ಬ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಪ್ಯಾಕ್ ಮಾಡಿದ್ದು ನಾನಲ್ಲ, ಕರಿಸಿದ್ದಪ್ಪ!" ಎಂದುಬಿಟ್ಟ ಉದಯಕುಮಾರ್. "ನಿನ್ನೆಯಿಂದ ರಜ ಹಾಕಿ ಕುಣಿಗಲ್‌ಗೆ ಹೋದವ್ನೆ."

"ನಾಳೆ ಸಂಜೆವರೆಗೂ ಸುಮ್ನಿರು. ಆಮೇಲೆ ಕೇಸು ಹಾಕೋಣ, ಅವರ ಮೇಲೋ ನಿನ್ನ ಮೇಲೋ."

* * *

ಕುಣಿಗಲ್ ಕೆರೆ ಏರಿಯ ಹತ್ತಿರ ಕರಿಸಿದ್ದಪ್ಪನ ಮನೆ. ಖಾಕಿ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಏನ್ಲಾ, ನಿಟ್ಟೂರಿನೋರ ಕೆಂಪು ಸೀರೆ ಬದಲಾಯಿಸಿ ರಜ ಹಾಕಿದೀಯಾ?"

"ಅಯ್ಯೋ, ಇಲ್ಲ ಮೇಡಮ್! ತಂಗಿ ಬಾಣಂತನ ಅಂತ ಬಂದೆ. ಇಲ್ನೋಡಿ." ಅವನು ಮೊಬೈಲ್ ಹಿಡಿದ. ವಾಟ್ಸಾಪಿನಲ್ಲಿ ಒಂದು ಫೋಟೋ. ಇಪ್ಪತ್ಮೂರು ವರ್ಷದ ರೂಪಶ್ರೀ, ಕನ್ನಡಿ ಮುಂದೆ ಹೆಗಲ ಮೇಲೆ ಕೆಂಪು ರೇಷ್ಮೆ ಹಾಕಿಕೊಂಡು ಮೂತಿ ಸೊಟ್ಟ ಮಾಡಿದ್ದಳು. ಕೆಳಗೆ ಬರೆದಿದ್ದಳು: 'ಅಣ್ಣ, ಆ ಹಸಿರು ಇದೆಯಾ? ಅಮ್ಮನ್ನ ಒಪ್ಪಿಸ್ತೀನಿ.'

"ತಗೊಂಡ ಮಾರನೇ ದಿನ ಕಳ್ಸಿದ್ದು. ಹಸಿರು ಸೀರೆ ಎತ್ತಿಟ್ಟಿದೀನಿ ಮೇಡಮ್, ಚೀಟಿ ಅಂಟಿಸಿ. ಯಾಕೋ ಬರ್ಲೇ ಇಲ್ಲ ಆ ಮಗು."

ಕೌಸಲ್ಯಮ್ಮ ವಿಷಯ ಹೇಳಿದರು. ಕರಿಸಿದ್ದಪ್ಪ ಬಾಗಿಲಲ್ಲೇ ಕೂತುಬಿಟ್ಟ.

ಅಂದರೆ ಅಂಗಡಿಯಿಂದ ಹೋದದ್ದು ನಿಜವಾದ ಸೀರೆಯೇ. ಬದಲಾದದ್ದು ಮನೆಯಲ್ಲಿ. ಕೌಸಲ್ಯಮ್ಮ ಫೋಟೋವನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಆಮೇಲೆ ಜೊತೆಗೆ ತಂದಿದ್ದ ಡಬ್ಬದಿಂದ ಪಾಲಿಯೆಸ್ಟರ್ ಸೀರೆಯನ್ನು ಮಡಿಕೆ ಕೆಡದಂತೆ ಹೊರಗೆ ತೆಗೆದರು.

"ಇದನ್ನ ಯಾರು ಮಡಿಸಿರಬೋದು ಹೇಳು."

ಅವನು ಮುಟ್ಟಿ ನೋಡಿದ. "ಅಂಗಡಿಯೋರಲ್ಲ. ನಾವು ಸೆರಗು ಮೇಲೆ ಕಾಣೋ ಹಂಗೆ ಚೌಕಕ್ಕೆ ಮಡಿಸ್ತೀವಿ. ಹೆಂಗಸ್ರೂ ಅಲ್ಲ. ಇದನ್ನ ಉದ್ದಕ್ಕೆ ನೆರಿಗೆ ಹಿಡಿದು, ಪಟ್ಟಿ ಮಾಡಿ, ಆಮೇಲೆ ಮಡಿಚವ್ರೆ. ಸೀರೆ ಹಿಂಗೆ ಮಡಿಸೋರ್ನ ನಾನು ಕಂಡಿಲ್ಲ."

* * *

ನಿಟ್ಟೂರಿನ ಮನೆಯಲ್ಲಿ ಕರಿಬಸಮ್ಮ ಒಬ್ಬರೇ ಇದ್ದರು. ಮೂಲೆಯಲ್ಲಿ ಅಚ್ಚಾಗಿ ಬಂದಿದ್ದ ಲಗ್ನಪತ್ರಿಕೆಯ ಕಟ್ಟು ಹಾಗೇ ಇತ್ತು.

"ಯಜಮಾನ್ರು?"

"ಗುಬ್ಬಿ ಹತ್ರ ಮಠದಲ್ಲವ್ರೆ. ಮೂವತ್ತು ವರ್ಷದಿಂದ ಅಲ್ಲೇ ಕೆಲ್ಸ. ಸನ್ಮಾನದ ಹಾರ, ಶಾಲು ಎಲ್ಲಾ ಅವರ ಕೈಲೇ. ನಾನೇ ಅಂಗಡಿಗೆ ಹೋಗ್ಬರ್ತೀನಿ ಅಂತಿದ್ರು. ಹದಿನೈದು ದಿನ ಮುಗಿದೋಗ್ತದೆ ಅಂತ ನಾನೇ ಬಸ್ ಹತ್ತಿದೆ."

ಕೌಸಲ್ಯಮ್ಮ ಕಾಫಿ ಲೋಟ ಕೆಳಗಿಟ್ಟರು. ಅವರಿಗೆ ಕೇಸು ಬಗೆಹರಿದಿತ್ತು. ಬಗೆಹರಿಯದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮಠದ ಉಗ್ರಾಣದಲ್ಲಿ ಕರಿಬಸಮ್ಮನ ಗಂಡ ಚನ್ನಬಸವಯ್ಯ ಶಾಲು ಮಡಿಸುತ್ತಿದ್ದರು. ಉದ್ದಕ್ಕೆ ನೆರಿಗೆ, ಪಟ್ಟಿ, ಆಮೇಲೆ ಮಡಿಕೆ. ಒಂದೇ ಸಲ ಜಾಡಿಸಿ ಬಿಚ್ಚಿ ಹೆಗಲಿಗೆ ಹೊದಿಸಲು ಸಲೀಸಾಗಲಿ ಎಂದು ಮಾಡುವ ಮಡಿಕೆ. ಕೌಸಲ್ಯಮ್ಮ ಪಕ್ಕದಲ್ಲಿ ಕೆಂಪು ಪಾಲಿಯೆಸ್ಟರ್ ಸೀರೆ ಇಟ್ಟರು. ಎರಡೂ ಒಂದೇ ಕೈಯ ಕೆಲಸ.

"ಸಂತೇಲಿ ತಗೊಂಡು, ಬೆಲೆ ಚೀಟಿ ಕೀಳೋಕೆ ಬಿಚ್ಚಿದ್ರಿ. ಮತ್ತೆ ಮಡಿಸುವಾಗ ಕೈಗೆ ಗೊತ್ತಿರೋದು ಇದೊಂದೇ. ಅಲ್ವಾ ಅಯ್ನೋರೆ?"

ಚನ್ನಬಸವಯ್ಯನವರ ಕೈ ನಿಂತಿತು.

"ನಿಜವಾದ ಸೀರೆ ಎಲ್ಲಿ?"

"ಅವಳ ಮೈಮೇಲದೆ," ಎಂದರು.

* * *

ಹೆಂಡತಿಯ ಎದುರಿಗೇ ಹೇಳಬೇಕು ಎಂದು ಕೌಸಲ್ಯಮ್ಮ ಹಟ ಹಿಡಿದು ಮನೆಗೆ ಕರೆತಂದರು. ಚನ್ನಬಸವಯ್ಯ ಕಂಬಕ್ಕೆ ಒರಗಿ, ನೆಲ ನೋಡುತ್ತಾ ಹೇಳಿದರು.

"ಸಮಾಧಿಗೆ ಇಳಿಸೋವಾಗ ನಿಂಗೆ ಪ್ರಜ್ಞೆ ಇರ್ಲಿಲ್ಲ ಕರಿಬಸಿ. ಕೆಂಪು ಸೀರೆ ನಾನೇ ಹೊದಿಸ್ದೆ. ಯಾರೂ ಬಾಯಿ ಬಿಡಬಾರ್ದು ಅಂತ ಆಣೆ ಹಾಕಿಸ್ದೆ. ಡಬ್ಬಕ್ಕೆ ಬೇರೆ ಸೀರೆ ತುಂಬಿ, ಬದಲಾಯ್ಸೋಕೆ ಹೋದಂಗೆ ಮಾಡಿ ಅದನ್ನ ಕೆರೆಗೆ ಎಸೆದು, ಹಸಿರು ಸೀರೆ ದುಡ್ಡು ಕೊಟ್ಟೇ ತರೋಣ ಅಂತಿದ್ದೆ. ಅಷ್ಟರಲ್ಲಿ ನೀನು ಹೊರಟೋದೆ."

"ಅವಳಿಗೆ ಇಷ್ಟವಿಲ್ಲದ ಸೀರೆ!" ಕರಿಬಸಮ್ಮ ಚೀರಿದರು. "ಹೋಗೋವಾಗ್ಲೂ ಅದನ್ನೇ ಹೊದಿಸಿದ್ರಾ?"

"ಇಷ್ಟ ಇತ್ತು ಕಣೇ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು. 'ಅಪ್ಪಾ, ಮನಸ್ಸು ಬದಲಾಯಿಸ್ದೆ. ಅಮ್ಮ ಆರಿಸಿದ್ದೇ ಉಟ್ಕೋತೀನಿ. ಈಗ್ಲೇ ಹೇಳ್ಬೇಡ, ಧಾರೆ ದಿನ ಉಟ್ಕೊಂಡೋಗಿ ಅಮ್ಮನ ಮುಂದೆ ನಿಂತ್ಕೋತೀನಿ' ಅಂದ್ಲು."

"ಏಳು ದಿನದಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?"

"ಹೇಳ್ಬುಟ್ರೆ ಅದೇ ಅವಳ ಕೊನೇ ಮಾತಾಗೋಗ್ತದೆ ಅನ್ನಿಸ್ತು." ಚನ್ನಬಸವಯ್ಯ ಶಲ್ಯದಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು.

ಕೌಸಲ್ಯಮ್ಮ ಹೊರಗೆ ಹೋಗಿ ಉದಯಕುಮಾರನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದರು.

"ಕಂಪ್ಲೇಂಟ್ ಬೇಡ ಮೇಡಮ್," ಎಂದ ಅವನು. "ಆ ಹಸಿರು ಸೀರೆ ತಗೊಂಡೋಗೋಕೆ ಹೇಳಿ. ಅಂದ ಮಾತಿಗೆ ತಪ್ತೀನಾ ನಾನು?"

ಒಳಗೆ ಬಂದು ಅದನ್ನೇ ತಿಳಿಸಿದರು. ಕರಿಬಸಮ್ಮ ತಲೆ ಅಲ್ಲಾಡಿಸಿದರು. "ಬೇಡ ಕಣವ್ವ. ಅವಳೇ ಕೆಂಪು ಅಂದ್ಮೇಲೆ ಬದಲಾಯ್ಸೋಕೆ ನಾನ್ಯಾರು?"

ಕೌಸಲ್ಯಮ್ಮ ಮೊಬೈಲ್ ತೆಗೆದು ಆ ಫೋಟೋ ತೋರಿಸಿದರು. ಕರಿಬಸಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದು, ಸೊಟ್ಟ ಮೂತಿಯ ಮೇಲೆ ಹೆಬ್ಬೆರಳಿಟ್ಟು ಸವರಿದರು. ಏಳು ದಿನದಿಂದ ಬಾರದ ಅಳು ಈಗ ಬಂತು.

"ನಾನು ಹೇಳಿರ್ಲಿಲ್ವೇನೇ," ಎಂದು ಮಗಳನ್ನೇ ಕೇಳಿದರು, "ನಿಂಗೆ ಕೆಂಪೇ ಒಪ್ಪುತ್ತೆ ಅಂತ?"