ಪರದೆಯ ಹಿಂದೆ ನಿಂತವಳು

ಬಾತುಕೋಳಿಗಳ ಪುಕ್ಕ ಕೀಳುವ ದಿನ ಯುಸ್ಟೀನಾಳ ಕಣ್ಣರೆಪ್ಪೆಯ ಮೇಲೆ ಒಂದು ಎಳೆ ಪುಕ್ಕ ಬಂದು ಕೂತಿತು. ಅವಳ ಎರಡೂ ಕೈ ಒದ್ದೆ.

"ಅಲ್ಲಾಡಬೇಡ," ಎಂದ ಯೆರ್ಗ್, ಬಿಸಿನೀರಿನ ಹಂಡೆ ಕೆಳಗಿಟ್ಟು.

"ತೆಗೀತೀಯಾ, ಇಲ್ಲಾ ನೋಡ್ತಾನೇ ನಿಂತಿರ್ತೀಯಾ?"

"ನೋಡೋದು ಮುಗೀಲಿ, ತಡಿ."

ಸುತ್ತ ಕೂತಿದ್ದ ಹೆಂಗಸರ ಮಾತು ಗಕ್ಕನೆ ನಿಂತಿತು. ಯುಸ್ಟೀನಾಳ ಅಕ್ಕ ದೊರೊತೆಯಾ ಮಾತ್ರ ತಲೆಯೆತ್ತದೆ, "ಯೆರ್ಗ್, ಹಂಡೆ ತಣ್ಣಗಾಗ್ತಿದೆ. ನೀನೂ ಸ್ವಲ್ಪ ತಣ್ಣಗಾಗು," ಎಂದಳು. ಶೆಡ್ಡು ತುಂಬ ನಗು.

ಅಂದಿನಿಂದ, ಕಾಲೊನಿಯವರೆಲ್ಲ ಒಟ್ಟಿಗೆ ಉಣ್ಣುವ ಊಟದ ಮನೆಯಲ್ಲಿ ಅವನ ಸೂಪು ಮುಗಿಯುತ್ತಲೇ ಇರಲಿಲ್ಲ. ಗಂಡಸರ ಸಾಲಿನ ಕೊನೆಯಲ್ಲಿ ಕೂತು, ಚಮಚದ ಮೇಲಿಂದ ಹೆಂಗಸರ ಸಾಲಿನತ್ತ ನೋಡುತ್ತಿದ್ದ. ಅವಳು ಬೇಕೆಂದೇ ತಲೆವಸ್ತ್ರ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಆಮೇಲೆ ಒಂದಿಷ್ಟು ಹಿಂದಕ್ಕೆ ಸರಿಸುತ್ತಿದ್ದಳು.

ಆದರೆ ಯುಸ್ಟೀನಾಗೆ ನರ್ಸ್ ಆಗಬೇಕಿತ್ತು. ಒಂದೇ ಪಂಗಡದ ಕ್ರೈಸ್ತರು ಕೂಡಿ ದುಡಿದು ಬಾಳುವ ಆ ಕಾಲೊನಿಗೆ ಅವಳ ಅಪ್ಪನೇ ಬೋಧಕ. "ನಮ್ಮ ಹುಡುಗೀರಿಗೆ ಇಷ್ಟು ಓದು ಸಾಕು," ಎಂದು ಬೈಬಲ್ ಮುಚ್ಚಿದಷ್ಟೇ ಮೆತ್ತಗೆ ಮಾತು ಮುಚ್ಚಿಬಿಟ್ಟ. ಇಪ್ಪತ್ತೊಂದು ತುಂಬಿದ ಮೇ ತಿಂಗಳಲ್ಲಿ ಅವಳು ಹೊರಡಲು ನಿರ್ಧರಿಸಿದಳು.

"ನೀನೂ ಬಾ," ಎಂದಳು ಯೆರ್ಗ್‌ಗೆ.

"ಕೊಯ್ಲು ಮುಗಿಯೋವರೆಗೆ ತಡಿ ಯುಸ್ಟೀನಾ. ಅಣ್ಣ ಓಡಿಹೋಗಿ ವರ್ಷ ಆಗಿಲ್ಲ. ಅಮ್ಮ ಈಗೀಗ ಎಲ್ಲರ ಜೊತೆ ಊಟಕ್ಕೆ ಕೂರ್ತಿದಾಳೆ."

"ಕೊಯ್ಲು ಮುಗಿದ್ರೆ ಉಳುಮೆ ಅಂತೀಯಾ. ಗೊತ್ತು ಬಿಡು."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ, ಮೈಮೇಲಿನ ಬಟ್ಟೆಯಲ್ಲೇ, ಹೆದ್ದಾರಿಯವರೆಗೆ ಒಬ್ಬಳೇ ನಡೆದಳು.

ವಿನ್ನಿಪೆಗ್ ನಗರದ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಸಂಜೆ ಓದು. ಹೊಸ ವಿಳಾಸ ಅಕ್ಕನಿಗಷ್ಟೇ ಗೊತ್ತಿತ್ತು; ಯೆರ್ಗ್ ಕೇಳಿದರೆ ಕೊಡು ಎಂದಿದ್ದಳು. ಯೆರ್ಗ್‌ನಿಂದ ಐದು ತಿಂಗಳು ಒಂದು ಸಾಲೂ ಬರಲಿಲ್ಲ. ಪ್ರತಿ ದಿನ ಅಂಚೆಪೆಟ್ಟಿಗೆ ನೋಡುತ್ತಿದ್ದಳು, ಪ್ರತಿ ದಿನ ಸಿಟ್ಟು ಒಂದು ತೂಕ ಹೆಚ್ಚುತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಮಹಡಿಯ ಕಿಟಕಿಯಿಂದ ಇಣುಕಿದಳು. ಕೆಳಗೆ ಯೆರ್ಗ್! ಕಪ್ಪು ಕೋಟು, ಕಪ್ಪು ಟೋಪಿ, ಕೈಯಲ್ಲಿ ಬಟ್ಟೆಬರೆಯ ಮರದ ಪೆಟ್ಟಿಗೆ. ಕೊಯ್ಲು ಮುಗಿದಿತ್ತು.

ಎದೆ ಹಾರಿತು. ಜೊತೆಗೇ ಸಿಟ್ಟೂ ಎದ್ದಿತು. ಕಾಯಲಿ, ಇನ್ನೊಂದು ಸಲ ಒತ್ತಲಿ, ಆಗ ಇಳಿಯುತ್ತೇನೆ ಅಂದುಕೊಂಡಳು. ಅವನು ಒತ್ತಿದ. ಇನ್ನೊಂದು ಸಲ ಅಂದುಕೊಂಡಳು. ಐದು ಸಲ ಒತ್ತಿ, ಅವನು ಮೆಟ್ಟಿಲ ಮೇಲೆ ಕೂತ. ಪರದೆಯ ಹಿಂದೆ ಅವಳು ನಿಂತೇ ಇದ್ದಳು. ಕೊನೆಗೆ ಅವನು ಎದ್ದು ಹೊರಟಾಗ ಬರಿಗಾಲಲ್ಲಿ ಓಡಿ ಇಳಿದಳು. ಬಸ್ಸು ತಿರುವು ದಾಟಿತ್ತು.

ಕಾಗದ ಬರೆದಳು, ಹರಿದಳು. ಮತ್ತೆ ಬರೆದಳು. ಅಷ್ಟರಲ್ಲಿ ಚಳಿಗಾಲ ಕಳೆದು ದೊರೊತೆಯಾಳ ಕಾಗದ ಬಂತು: "ಗರಿಗಳ ಭಾನುವಾರ ಯೆರ್ಗ್ ದೀಕ್ಷಾಸ್ನಾನ ತಗೊಂಡ." ದೇವರ ಮುಂದೆ, ಜನರ ಮುಂದೆ, ಸಾಯುವವರೆಗೂ ಕಾಲೊನಿ ಬಿಡೆನೆಂದು ಮಾತು ಕೊಟ್ಟಂತೆ ಅದು. ಬರೆದಿಟ್ಟ ಕಾಗದವನ್ನು ಅವಳು ಅಂಚೆಗೆ ಹಾಕಲಿಲ್ಲ.

ಒಂಬತ್ತು ವರ್ಷದ ಮೇಲೆ ಅಪ್ಪ ತೀರಿಕೊಂಡಾಗ ನರ್ಸ್ ಯುಸ್ಟೀನಾ ಕಾರು ಓಡಿಸಿಕೊಂಡು ಬಂದಳು. ಮಣ್ಣು ಕೊಡುವ ಗಂಡಸರ ನಡುವೆ ಯೆರ್ಗ್‌ನನ್ನು ಕಂಡಳು. ಅವನ ವಯಸ್ಸಿನವರಿಗೆಲ್ಲ ಗಡ್ಡ. ಮದುವೆಯಾದ ಮೇಲೆ ಬಿಡುವ ಗಡ್ಡ. ಅವನ ಗಲ್ಲ ಮಾತ್ರ ನುಣ್ಣಗಿತ್ತು.

ಅಡುಗೆಮನೆಯ ಹಿಂದೆ ಇಬ್ಬರೇ ಸಿಕ್ಕರು.

"ಗಡ್ಡ ಎಲ್ಲಿ?"

"ಬೆಳೀಲಿಲ್ಲ. ನೆಲ ಸರಿ ಇಲ್ಲ," ಎಂದು ನಕ್ಕ. ಆಮೇಲೆ, "ಒಂದ್ಸಲ ನಿಮ್ಮನೆ ಹತ್ರ ಬಂದಿದ್ದೆ. ನೀನಿರಲಿಲ್ಲ," ಎಂದ.

ಹೂಂ ಅಂದುಬಿಡಬಹುದಿತ್ತು. "ಇದ್ದೆ, ಯೆರ್ಗ್. ಮೇಲೆ, ಪರದೆ ಹಿಂದೆ. ನೀನು ಮೆಟ್ಟಿಲ ಮೇಲೆ ಕೂತಿದ್ದಷ್ಟು ಹೊತ್ತೂ ನೋಡ್ತಿದ್ದೆ."

ಅವನ ಮುಖದ ನಗು ಮೆಲ್ಲಗೆ ಇಳಿಯಿತು. ಟೋಪಿ ತೆಗೆದ, ಸುಮ್ಮನೆ ತಿರುಗಿಸಿದ.

"ಹೇಳಬಾರದಿತ್ತು ನೀನು. ಇರಲಿಲ್ಲ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ. ಅದು ಸುಲಭ ಇತ್ತು."

"ಓಡಿ ಬಂದೆ ಯೆರ್ಗ್. ತಡವಾಗಿ ಬಂದೆ."

"ಕಾಲೊನಿಗೆ ವಾಪಸ್ ಬರ್ತೀಯಾ?"

ಅವಳು ಅತ್ತಳು. ವಾರ್ಡಿನಲ್ಲಿ ತನ್ನ ದಾರಿ ಕಾಯುವ ರೋಗಿಗಳನ್ನು ನೆನೆದಳು. ಬರಲಾರಳು. ಅದು ಅವನಿಗೂ ಅರ್ಥವಾಯಿತು.

ಸಂಜೆ ದೊರೊತೆಯಾ ಕಟ್ಟಿಕೊಟ್ಟ ಬನ್ನು, ನೂಡಲ್ಸ್, ಬಾತುಕೋಳಿ ಮಾಂಸವನ್ನೆಲ್ಲ ಯೆರ್ಗ್ ಕಾರಿಗೆ ತುಂಬಿದ.

"ನಿಧಾನ ಹೋಗು. ಜಿಂಕೆ ಅಡ್ಡ ಬರ್ತವೆ."

"ಮತ್ತೆ ಬರಲಾ, ಅಕ್ಕನ್ನ ನೋಡೋಕೆ?"

ಅವನು ಕಾರಿನ ಬಾಗಿಲು ಮುಚ್ಚಿ, ಕೈಯನ್ನು ಅದರ ಮೇಲೇ ಇಟ್ಟ.

"ಬರಬೇಡ," ಎಂದ. "ಈಗ ಮಾತು ಕೊಟ್ಟಾಗಿದೆ. ನೀನು ಇನ್ನೊಂದು ಸಲ ಬಂದ್ರೆ ನಾನು ಹೊರಟುಬಿಡ್ತೀನಿ."