ವಾರಕ್ಕೊಂದು ಸಾಲು

“ಕುಮುದಾ ಅವರೇ, ಎರಡನೇ ಹಾಳೆ ಬದಲಾಗಿದೆ. ಓದೋಕ್ಮುಂಚೆ ಒಂದ್ಸಲ ನೋಡ್ಕೊಳ್ಳಿ.”

ಚಿದಂಬರ ಹಾಳೆಗಳನ್ನು ಮೇಜಿನ ಮೇಲಿಟ್ಟು ಆಚೆ ಹೋದ. ಕೈಗೆ ಕೊಡಲಿಲ್ಲ. ಮುಖ ನೋಡಲಿಲ್ಲ.

ಅವರೇ! ಆರು ತಿಂಗಳು ಬರೀ ಕುಮುದಾ ಆಗಿದ್ದವಳು ಎರಡು ವಾರದಿಂದ ‘ಕುಮುದಾ ಅವರೇ’ ಆಗಿಬಿಟ್ಟಿದ್ದಳು. ತಾನು ಮಾಡಿದ ತಪ್ಪಾದರೂ ಏನು ಎಂದು ರೊಟ್ಟಿ ತಟ್ಟುವಾಗ, ಬಟ್ಟೆ ಒಣಹಾಕುವಾಗ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆದಿರಲಿಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ಮೈಸೂರಿನಿಂದ ಬಂದ ಈ ಸಂಶೋಧಕನಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. ನಾಗಪುರದ ಅಂಚಿನ ವಾಡಿಯ ಗೋದಾಮುಗಳಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸರ ಬದುಕನ್ನು ಫೋನು ಮತ್ತು ಅಕ್ಷರ ಹೇಗೆ ಬದಲಿಸಿವೆ ಎಂದು ತಿಳಿಯಲು ಬಂದಿದ್ದ. ಆ ಹೆಂಗಸರಲ್ಲಿ ಬಹಳಷ್ಟು ಜನ ಕಲಬುರಗಿ, ಬೀದರ ಕಡೆಯವರು. ಜೊತೆಗೆ ಓಡಾಡಲು ಕನ್ನಡ, ಮರಾಠಿ ಎರಡೂ ಬಲ್ಲ ಒಬ್ಬರು ಬೇಕಾಗಿತ್ತು. ಪ್ರತಾಪ ನಗರದಲ್ಲಿ ಹುಟ್ಟಿ ಬೆಳೆದ, ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟ ಕುಮುದಾಳಿಗೆ ಆ ಕೆಲಸ ಸಿಕ್ಕಿತು. ತಾಯಿಯ ಕಾಯಿಲೆಯಲ್ಲಿ ಕಳೆದುಹೋದ ವರ್ಷಗಳ ನಂತರ, ‘ನಿಮಗೆ ಏನನ್ನಿಸುತ್ತದೆ?’ ಎಂದು ಅವಳನ್ನು ಒಬ್ಬರು ಕೇಳಿದ್ದು ಅದೇ ಮೊದಲು. ಕೇಳಿದವನು ಚಿದಂಬರ.

ಮೊದಲ ದಿನವೇ ಅವನಿಗೆ ಖಾರದ ಸಾರು ಸುರಿದ ಅವಲಕ್ಕಿ, ತರ್ರಿ ಪೋಹಾ ತಿನ್ನಿಸಿದ್ದಳು. ಕೆಂಪು ಸಾರು ಗಂಟಲಿಗಿಳಿದು ಅವನ ಕಿವಿ ಟೊಮೆಟೊ ಆಗಿತ್ತು.

“ಹೆಂಗೈತ್ರಿ?”

“ಚೆ… ಚೆನ್ನಾಗಿದೆ.”

“ಕಣ್ಣಾಗ ನೀರು ಬರಾಕ್ಹತ್ಯಾವಲ್ಲ?”

“ಸಂತೋಷಕ್ಕೆ,” ಎಂದಿದ್ದ. ಒದ್ದೆ ಕಣ್ಣುಗಳಲ್ಲೇ ಅವಳನ್ನು ನೋಡಿದ್ದ, ನೋಡುತ್ತಲೇ ಉಳಿದಿದ್ದ. ಕುಮುದಾ ಸುಮ್ಮಸುಮ್ಮನೆ ದುಪಟ್ಟಾ ಸರಿಮಾಡಿಕೊಂಡಿದ್ದಳು.

ಅವರ ಕೆಲಸಕ್ಕೆ ಒಂದು ನಿಯಮವಿತ್ತು. ಯಾರ ಮಾತನ್ನು ರೆಕಾರ್ಡ್ ಮಾಡುತ್ತಾರೋ ಆ ಮಾತು ಅವರದೇ. ಅದನ್ನು ಬರಹಕ್ಕಿಳಿಸಿ, ತಿಂಗಳ ಮೊದಲ ಭಾನುವಾರ ಎಲ್ಲರೆದುರು ಓದಿ ಹೇಳಬೇಕು. ‘ಇದು ಇರಲಿ’ ಎಂದರೆ ಇರುತ್ತದೆ, ‘ತೆಗೀರಿ’ ಎಂದರೆ ಹೋಗುತ್ತದೆ. ಹೆಂಗಸರು ಅದಕ್ಕೆ ‘ಮಾತು ವಾಪಸ್ ಕೊಡೋ ದಿನ’ ಎಂದು ಹೆಸರಿಟ್ಟಿದ್ದರು. ಓದುವ ಕೆಲಸ ಕುಮುದಾಳದು.

ಅವಳಿಗೋ, ಕನ್ನಡ ಓದಲು ಬರುತ್ತಿರಲಿಲ್ಲ.

ಮನೆಮಾತು ಗದಗಿನ ಗಟ್ಟಿ ಕನ್ನಡ. ಕಲಿತದ್ದು ಮರಾಠಿ ಶಾಲೆಯಲ್ಲಿ. ಸಂದರ್ಶನದಲ್ಲಿ “ಓದೋಕೆ ಬರುತ್ತಲ್ಲ?” ಎಂದು ಕೇಳಿದಾಗ, ಎಲ್ಲಿ ಕೆಲಸ ಕೈತಪ್ಪುವುದೋ ಎಂದು “ಹೂಂ” ಎಂದಿದ್ದಳು. ಆರ್ಡ್ನನ್ಸ್ ಫ್ಯಾಕ್ಟರಿಯಿಂದ ನಿವೃತ್ತನಾದ ಅಪ್ಪ ಭೀಮಪ್ಪನಂತೂ, ಮಗಳಿಗೆ ಕನ್ನಡದಿಂದಲೇ ನೌಕರಿ ಸಿಕ್ಕಿತೆಂದು ಓಣಿಗೆಲ್ಲ ಪೇಡೆ ಹಂಚಿದ್ದ. ಅವನೆದುರು ಹೇಗೆ ಬಾಯಿಬಿಡುವುದು? ಅಂದಿನಿಂದ ಅವಳು ಚಿದಂಬರ ಕಳಿಸುವ ಟೈಪಾದ ಹಾಳೆಗಳನ್ನು ಫೋನಿಗೆ ಕೊಡುವಳು. ಫೋನು ತನ್ನ ಭಾವವಿಲ್ಲದ ದನಿಯಲ್ಲಿ ಓದಿ ಹೇಳುವುದು. ಒಲೆಯ ಮುಂದೆ ನಿಂತು ಅದನ್ನು ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡುವಳು. ಭಾನುವಾರ ಹಾಳೆ ಹಿಡಿದು ಒಪ್ಪಿಸುವಳು. ಐದು ತಿಂಗಳು ಯಾರಿಗೂ ಸಂಶಯ ಬರಲಿಲ್ಲ.

ಅಂದು ಡಿಸೆಂಬರಿನ ಮೊದಲ ಭಾನುವಾರ. ಚಿದಂಬರ ಆಗಷ್ಟೇ ಮೇಜಿನ ಮೇಲಿಟ್ಟುಹೋದ ಹೊಸ ಹಾಳೆಯನ್ನು ಫೋನಿನಿಂದ ಓದಿಸಿ ಕೇಳಲು ಹೊತ್ತಿರಲಿಲ್ಲ. ಅಂಗನವಾಡಿಯ ಕೋಣೆಯಲ್ಲಿ ಹದಿನೆಂಟು ಹೆಂಗಸರು ಶಾಲು ಹೊದ್ದು ಕೂತಿದ್ದರು. ರಾಜಮ್ಮನ ಸರದಿ. ನಲವತ್ತಾರನೇ ವಯಸ್ಸಿಗೆ ಫೋನಿನ ಪಾಠ ನೋಡಿ ಕನ್ನಡ ಅಕ್ಷರ ಕಲಿತವಳು ಆಕೆ. ಪಕ್ಕದಲ್ಲಿ ಮಗಳು ರಾಗಿಣಿ, ಹತ್ತೊಂಬತ್ತರ ಹುಡುಗಿ, ಅವಳೂ ಗೋದಾಮಿನಲ್ಲೇ ದುಡಿಯುವವಳು.

ಕುಮುದಾ ಸರಾಗವಾಗಿ ಶುರುಮಾಡಿದಳು. ಮೊದಲ ಹಾಳೆ ಮುಗಿಯಿತು. ಎರಡನೆಯದು.

“…ಮಗಳು ಒಂಬತ್ತನೇ ಇಯತ್ತೆಯೊಳಗ ಇದ್ದಳು. ಸಾಲಿ ಬಿಡಿಸಿದ್ದು ಅವರಪ್ಪ ಅಲ್ಲ, ನಾನು. ತಪ್ಪು ಸತ್ತವರ ಮ್ಯಾಲ ಹಾಕೀನಿ…”

ರಾಗಿಣಿ ತಾಯಿಯ ಮುಖ ನೋಡಿದಳು. ರಾಜಮ್ಮ ಕುಮುದಾಳ ಮುಖ ನೋಡಿದಳು.

“ಯವ್ವಾ, ಆ ಮಾತು ತಗೀರಿ ಅಂತ ನಿನ್ನೆ ಸಂಜಿಗೇ ಸರ್‌ಗ ಫೋನ್ ಮಾಡಿ ಹೇಳೀನಲ್ಲ!”

ಚಿದಂಬರ ಎದ್ದು ಬಂದು ಅವಳ ಕೈಯಲ್ಲಿದ್ದ ಹಾಳೆ ನೋಡಿದ. “ಹಾಳೇಲಿ ಆ ಮಾತಿಲ್ಲ,” ಎಂದ ಮೆಲ್ಲಗೆ. “ನಾನು ತೆಗೆದಿದ್ದೆ.”

ರಾಗಿಣಿ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು.

ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಬಹುದಿತ್ತು. ಹಳೆಯ ಹಾಳೆ ತಲೆಯಲ್ಲಿತ್ತು ಎನ್ನಬಹುದಿತ್ತು. ರಾಜಮ್ಮನ ಮುಖ ನೋಡಿದ ಮೇಲೆ ಕುಮುದಾಳಿಗೆ ಅದು ಸಾಧ್ಯವಾಗಲಿಲ್ಲ.

“ನಂಗ ಕನ್ನಡ ಓದಾಕ ಬರಂಗಿಲ್ಲ,” ಎಂದಳು ಎಲ್ಲರಿಗೂ ಕೇಳುವಂತೆ. “ಇಷ್ಟು ದಿನ ಫೋನಿನಾಗ ಕೇಳಿ ಬಾಯಿಪಾಠ ಮಾಡ್ತಿದ್ದೆ. ತಪ್ಪಾತು.”

ಹೊರಗೆ ಸಾಲಾಗಿ ನಿಂತ ಲಾರಿಗಳ ಪಕ್ಕ ಅವಳು ಅಳುತ್ತ ನಿಂತಿದ್ದಾಗ ಚಿದಂಬರ ಬಂದ. ಬೈಯುತ್ತಾನೆ ಎಂದುಕೊಂಡಳು. ಅವನ ಮುಖದಲ್ಲಿದ್ದದ್ದು ಬೇರೆಯೇ ಏನೋ.

“ಕುಮುದಾ, ಎರಡು ವಾರದ ಹಿಂದೆ ಫೈಲಲ್ಲಿ ಒಂದು ಹಾಳೆ ಇಟ್ಟಿದ್ದೆ. ಕೈಬರಹದ್ದು.”

“ಹೂಂ. ನಿಮ್ಮ ಅಕ್ಷರ ಫೋನಿಗೂ ತಿಳೀಲಿಲ್ರಿ. ‘ಅಕ್ಕಿ ಮಂಡಳಿ ಒಂಬತ್ತು’ ಅಂತ ಏನೇನೋ ಓದ್ತು. ರಫ್ ಕಾಗದ ಅನ್ಕೊಂಡು ಹಂಗ ವಾಪಸ್ ಇಟ್ಟೆ.”

ಚಿದಂಬರ ಲಾರಿಗೆ ಒರಗಿಕೊಂಡ. ನಗಬೇಕೋ ಅಳಬೇಕೋ ತಿಳಿಯದವನಂತೆ ಆಕಾಶ ನೋಡಿದ.

“ಬೇಡ ಅಂದ್ರೆ ಮಾತಿಲ್ಲದೆ ವಾಪಸ್ ಕೊಡಿ ಅಂತ ಅದರಲ್ಲೇ ಬರೆದಿದ್ದೆ,” ಎಂದ. “ಅದು ಕೆಲಸದ ಕಾಗದ ಅಲ್ಲ.”

ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಕುಮುದಾಳ ಕಣ್ಣೀರು ಅಲ್ಲೇ ನಿಂತಿತು. ಎರಡು ವಾರದ ‘ಅವರೇ’ ಈಗ ಅರ್ಥವಾಗಿ, ಕೆನ್ನೆ ಬಿಸಿಯಾಯಿತು.

“ಏನು ಬರ್ದಿದ್ದೆ ಅಂತ ಬಾಯಲ್ಲೇ ಹೇಳಿಬಿಡ್ಲಾ?”

“ಬ್ಯಾಡ!” ಅವಳು ಕೈ ಅಡ್ಡ ಹಿಡಿದಳು. “ಕಾಗದ ಕೊಡ್ರಿ. ನಾನ ಓದ್ತೀನಿ. ಎಷ್ಟು ದಿನಾನ ಆಗಲಿ.” ತಡೆದು, “ಮೊದಲ ರಾಜಮ್ಮನ ಮನಿಗೆ ಹೋಗಬೇಕು,” ಎಂದಳು.

ರಾಜಮ್ಮ ಬಾಗಿಲಲ್ಲೇ ನಿಲ್ಲಿಸಿ ಬೈದಳು. ಮನಸ್ಸು ಹಗುರಾಗುವವರೆಗೂ ಬೈದಳು. ಕುಮುದಾ ತಲೆ ತಗ್ಗಿಸಿ ಕೇಳಿದಳು. ಒಳಗೆ ರಾಗಿಣಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ನಾ ಬಾಯಿ ಬಿಟ್ಟು ಹೇಳೋ ಮಾತು ಇತ್ತು ಅದು. ನೀ ಹೇಳಿದಿ,” ಎಂದಳು ರಾಜಮ್ಮ ಕೊನೆಗೆ. ದಣಿದು ಹೊಸ್ತಿಲ ಮೇಲೆ ಕೂತಳು. “ನಾಳಿಂದ ಸಂಜಿಗಿ ಬಾ.”

“ಯಾಕ್ರಿ?”

“ಯಾಕಂತ ಕೇಳ್ತದ ನೋಡು! ಕಲೀಲಿಕ್ಕಿ. ನಾ ನಲವತ್ತಾರಕ್ಕ ಕಲ್ತೀನಿ, ಮೂವತ್ತೊಂದಕ್ಕ ನಿನಗೇನು ಧಾಡಿ? ನನ್ನ ಮಾತು ಇನ್ನ ಮ್ಯಾಲ ನಾನೇ ಓದಕೋತೀನಿ. ನಿನ್ನವು ನೀ ಓದಕೋ.”

ಅಂದು ಮನೆಗೆ ಹೋಗಿ ಅಪ್ಪನಿಗೂ ಹೇಳಿದಳು. ಭೀಮಪ್ಪ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೆಳಿಗ್ಗೆ ಎದ್ದು ನೋಡಿದರೆ ಚಹಾದ ಕಪ್ಪಿನ ಪಕ್ಕ ಚೂಪು ಮಾಡಿದ ಎರಡು ಪೆನ್ಸಿಲ್ ಇದ್ದವು.

ಹೀಗೆ ಕುಮುದಾಳಿಗೆ ರಾಜಮ್ಮನ ಪಾಠ ಶುರುವಾಯಿತು. ರಾಜಮ್ಮ ಕಟ್ಟುನಿಟ್ಟಿನ ಮಾಸ್ತರಮ್ಮ. ಒತ್ತಕ್ಷರ ತಪ್ಪಿದರೆ ಚಹಾ ಇಲ್ಲ. ಚಿದಂಬರನ ಹಾಳೆ ಕುಮುದಾಳ ಪರ್ಸಿನಲ್ಲೇ ಇರುತ್ತಿತ್ತು. ಒಂಬತ್ತು ಸಾಲು. ಅವನ ಅಕ್ಷರವೋ, ಮಸಿಯಲ್ಲಿ ಬಿದ್ದ ಇರುವೆ ಒದ್ದಾಡಿಕೊಂಡು ಹೋದ ಹಾಗೆ. ವಾರಕ್ಕೊಂದು ಸಾಲು ಬಿಡಿಸಿದರೆ ಅದೇ ದೊಡ್ಡದು.

“ಮೊದಲನೇ ಸಾಲು ಓದಿದೆ,” ಎಂದಳು ಮುಂದಿನ ವಾರ, ವಾಡಿಯ ನಾಕಾದ ಅಂಗಡಿಯಲ್ಲಿ ಚಹಾ ಕುಡಿಯುತ್ತ.

ಚಿದಂಬರನ ಗ್ಲಾಸು ಅರ್ಧದಲ್ಲೇ ನಿಂತಿತು. “ಓದಿದ್ರಾ?”

“‘ನಾಗಪುರದಲ್ಲಿ ಇಷ್ಟು ಚಳಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.’ ಹವಾಮಾನದ ಸುದ್ದಿ ಕೊಡಾಕ ಇಷ್ಟು ಗುಟ್ಟೇನ್ರಿ?”

ಅವನ ಕಿವಿ ಮತ್ತೆ ಟೊಮೆಟೊ. “ಮುಂದೆ ಓದಿ.”

ಎರಡನೇ ವಾರ ಬಂದವಳ ತುಟಿಯಂಚಿನಲ್ಲಿ ನಗು. “ತರ್ರಿ ಪೋಹಾಕ ಒಂದು ಪೂರಾ ಸಾಲು ಬರ್ದೀರಿ.”

“ಧೈರ್ಯ ಬರೋಕೆ ಸ್ವಲ್ಪ ಹೊತ್ತು ಬೇಕಿತ್ತು.”

“ಧೈರ್ಯ ಎಷ್ಟನೇ ಸಾಲಿನಾಗ ಬರ್ತದ?”

“ಹೇಳಲ್ಲ.”

ಅವನು ಅವಳನ್ನು ನೋಡುವ ರೀತಿ ಬದಲಾಗಿತ್ತು. ಪರ್ಸಿನ ಜಿಪ್ ಸದ್ದಾದರೆ ಸಾಕು, ಮಾತು ಮರೆಯುತ್ತಿದ್ದ. ಅದು ಗೊತ್ತಿದ್ದೇ ಕುಮುದಾ ಕರ್ಚೀಫಿಗೆಂದು ಹತ್ತು ಸಲ ಜಿಪ್ ಎಳೆಯುತ್ತಿದ್ದಳು. ಆದರೆ ಜನವರಿ ಹತ್ತಿರ ಬಂದಂತೆ ಅವನ ಹಣೆಯಲ್ಲಿ ಒಂದು ಚಿಂತೆಯ ಗೆರೆ ಮೂಡಿತು. ಮೈಸೂರಿನಿಂದ ಫೋನ್ ಬಂದರೆ ದೂರ ಹೋಗಿ ಮಾತಾಡುತ್ತಿದ್ದ.

“ಏನಾತ್ರಿ?” ಎಂದರೆ, “ಏನಿಲ್ಲ. ಎಷ್ಟನೇ ಸಾಲು?” ಎನ್ನುತ್ತಿದ್ದ.

“ನಾಲ್ಕು. ‘ನಾನು ಈ ಊರಿಗೆ ಪ್ರಶ್ನೆ ಕೇಳಲು ಬಂದೆ, ಕೇಳಿಸಿಕೊಳ್ಳುವುದನ್ನು ನಿಮ್ಮಿಂದ ಕಲಿತೆ.’” ಅವಳು ಹಾಳೆಯ ಮಡಿಕೆಯನ್ನು ಬೆರಳಿನಿಂದ ಸವರಿದಳು. “ಇದನ್ನ ಮೂರು ಸಲ ಓದೀನಿ. ತಪ್ಪಿ ಅಲ್ಲ. ಬೇಕಂತ.”

ಜನವರಿಯ ಮೊದಲ ಭಾನುವಾರ ಮಾತು ವಾಪಸ್ ಕೊಡುವ ರೀತಿಯೇ ಬದಲಾಯಿತು. ಓದು ಬಲ್ಲವರು ತಮ್ಮ ಹಾಳೆ ತಾವೇ ಓದುವುದೆಂದು ಹೆಂಗಸರು ತೀರ್ಮಾನಿಸಿದ್ದರು. ಮೊದಲು ಎದ್ದವಳು ರಾಜಮ್ಮ. ಕನ್ನಡಕ ಏರಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನ ಓದಿದಳು. ಎರಡನೇ ಹಾಳೆಯಲ್ಲಿ ತಡೆದಳು. ತೆಗೆಸಿದ ಮಾತನ್ನು ತಾನೇ ಹೇಳಿ ಮತ್ತೆ ಬರೆಸಿದ್ದಳು.

“ಸಾಲಿ… ಬಿಡಿಸಿದ್ದು… ಅವರಪ್ಪ ಅಲ್ಲ. ನಾನು.”

ದನಿ ಒಡೆಯಿತು. ತಿಂಗಳಿನಿಂದ ತಾಯಿಯ ಜೊತೆ ಸರಿಯಾಗಿ ಮಾತಾಡದ ರಾಗಿಣಿ ಹಿಂದಿನ ಸಾಲಿನಿಂದ ಎದ್ದು ಬಂದಳು. ಕೈಯಲ್ಲಿ ನೀರಿನ ಬಾಟಲಿ.

“ಕುಡಿ. ಇನ್ನಾ ಅರ್ಧ ಹಾಳೆ ಅದ,” ಎಂದು ತಾಯಿಯ ಪಕ್ಕದಲ್ಲೇ ನಿಂತಳು. ಮುಂದಿನ ವಾರ ಅವಳು ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕೂರುವುದು ಹೇಗೆಂದು ಕುಮುದಾಳನ್ನು ವಿಚಾರಿಸಿದಳು. ರಾಗಿಣಿಗೆ ಮರಾಠಿ, ವಿಜ್ಞಾನ ಕುಮುದಾ ಹೇಳಿಕೊಡುವುದು, ಕುಮುದಾಳಿಗೆ ಕನ್ನಡ ರಾಜಮ್ಮ ಹೇಳಿಕೊಡುವುದು. ಒಂದೇ ಚಾಪೆಯ ಮೇಲೆ ಎರಡು ಶಾಲೆ.

ಫೆಬ್ರುವರಿಯ ಮೊದಲ ವಾರ. ರಾಜಮ್ಮನ ಮನೆಯ ಮೆಟ್ಟಿಲ ಮೇಲೆ ಕುಮುದಾ ಏಳನೇ ಸಾಲು ಬಿಡಿಸುತ್ತಿದ್ದಳು. ‘ನಿಮ್ಮನ್ನು ಪ್ರೀತಿಸುತ್ತೇನೆ’ ಎಂಬುದು ಆರನೆಯದರಲ್ಲೇ ಬಂದಿತ್ತು. ಒತ್ತಕ್ಷರಕ್ಕೆ ಒದ್ದಾಡಿ ಕೊನೆಗೆ ಅದು ಬಾಯಿಗೆ ಬಂದಾಗ, ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿದ್ದೂ ಅವಳಿಗೆ ಕೇಳಿಸಿರಲಿಲ್ಲ. ಅವನಿಗಿನ್ನೂ ಹೇಳಿರಲಿಲ್ಲ. ಪೂರ್ತಿ ಓದಿಯೇ ಹೇಳುವುದೆಂದು ಮನಸ್ಸು ಮಾಡಿದ್ದಳು. ಏಳನೆಯದು ಹೀಗಿತ್ತು: ‘ಜನವರಿ ಮೂವತ್ತೊಂದಕ್ಕೆ ಇಲ್ಲಿಯ ನನ್ನ ಕೆಲಸ ಮುಗಿಯುತ್ತದೆ; ಹೋಗುವೆನೋ ಇರುವೆನೋ ಎಂದು ಅಷ್ಟರೊಳಗೆ ಮೈಸೂರಿಗೆ ತಿಳಿಸಬೇಕು.’

ಅಂದು ಫೆಬ್ರುವರಿ ಐದು.

ದೂರ ಹೋಗಿ ಮಾತಾಡಿದ ಫೋನುಗಳು, ಹಣೆಯ ಗೆರೆ, ಎಲ್ಲ ಒಟ್ಟಿಗೆ ನೆನಪಾದವು. ತಾನು ಅಕ್ಷರ ಅಕ್ಷರ ಕೂಡಿಸುತ್ತ, ಅವನನ್ನು ರೇಗಿಸುತ್ತ ಕೂತಿದ್ದಳು. ಅವನು ಗಡುವನ್ನು ಬಾಯಿಬಿಟ್ಟು ಹೇಳದೆ ಕಾಯುತ್ತಿದ್ದ. ಅವಳು ಪುಸ್ತಕ ಬಿಟ್ಟು ಓಡಿದಳು.

ಅಂಗನವಾಡಿಯ ಕೋಣೆಯಲ್ಲಿ ಚಿದಂಬರ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಿದ್ದ.

“ತಾರೀಖು ದಾಟೇತಲ್ರಿ!” ಏದುಸಿರಲ್ಲೇ ಕೂಗಿದಳು. “ಮೂವತ್ತೊಂದು! ಒಂದು ಮಾತು ಹೇಳಬಾರದಾ?”

ಅವನು ನಿಧಾನ ತಿರುಗಿದ. “ಏಳನೇ ಸಾಲಿಗೆ ಬಂದ್ರಿ ಅನ್ನಿ.”

“ನಗಬ್ಯಾಡ್ರಿ. ಮೈಸೂರಿಗೆ ಏನಂತ ಹೇಳಿದ್ರಿ?”

“ಇರ್ತೀನಿ ಅಂತ. ಇನ್ನು ಎರಡು ವರ್ಷ ಇಲ್ಲೇ ಕೆಲಸ.”

“ನಾ ಉತ್ತರಾನ ಕೊಟ್ಟಿರಲಿಲ್ಲ.”

“ನೀವು ಓದ್ತಾ ಇದ್ರಲ್ಲ, ಕುಮುದಾ.” ಅವನ ದನಿ ಮೆತ್ತಗಾಯಿತು. “ಬೇಡ ಅನ್ನೋವ್ರು ಇಷ್ಟು ಕಷ್ಟಪಟ್ಟು ಯಾರ ಕಾಗದಾನಾದ್ರೂ ಓದ್ತಾರಾ?”

ಕಿಟಕಿಯಿಂದ ಸಂಜೆಯ ಬಿಸಿಲು ಮಕ್ಕಳ ಚಾಪೆಯ ಮೇಲೆ ಬಿದ್ದಿತ್ತು. ಕುಮುದಾ ಅಲ್ಲೇ ಕೂತಳು. ಎಷ್ಟು ಜನ ತನಗಾಗಿ ಕಾದರು! ಬೈದು ಕಲಿಸಿದ ರಾಜಮ್ಮ, ಮಾತಿಲ್ಲದೆ ಪೆನ್ಸಿಲ್ ಇಟ್ಟ ಅಪ್ಪ, ತನ್ನ ಊರನ್ನೇ ಪಕ್ಕಕ್ಕಿಟ್ಟ ಇವನು. ಯಾರಿಗೆ ಮೊದಲು ಕೈಮುಗಿಯುವುದು? ಪರ್ಸಿನ ಜಿಪ್ ಎಳೆದಳು. ಈ ಸಲ ಕರ್ಚೀಫಿಗಲ್ಲ.

“ಇನ್ನೂ ಎರಡು ಸಾಲು ಉಳಿದಾವು.”

“ಒಂದು, ಬೇಡ ಅಂದ್ರೆ ವಾಪಸ್ ಕೊಡಿ ಅನ್ನೋದು. ಅದನ್ನ ಬಿಡಿ. ಕೊನೇದು ಬರೀ ನನ್ನ ಸಹಿ.”

“ಅದನ್ನೂ ನಾನ ಓದ್ತೀನಿ,” ಎಂದು ಅವಳು ಹಾಳೆಯನ್ನು ಬಿಸಿಲಿಗೆ ಹಿಡಿದಳು. ಅವನು ಎದುರಿಗೆ ಮಂಡಿಯೂರಿ ಕೂತ. ಅವಳ ಬೆರಳು ಮೊದಲ ಅಕ್ಷರದ ಕೆಳಗೆ ನಿಂತಿತು, ಮೆಲ್ಲಗೆ ಸರಿಯಿತು. ಕಣ್ಣು ಹಾಳೆಯ ಮೇಲಿದ್ದರೂ ಅವನ ಉಸಿರು ಅವಳಿಗೆ ಕೇಳುತ್ತಿತ್ತು.

“ಚಿ… ದಂ… ಬ… ರ.”

ತಲೆಯೆತ್ತಿ ಅವನನ್ನು ನೋಡಿ ಇನ್ನೊಮ್ಮೆ ಹೇಳಿದಳು, ಈ ಸಲ ಹಾಳೆ ನೋಡದೆ, ಒಂದೇ ಉಸಿರಿಗೆ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿಗೇ ಹಾಕಿಕೊಂಡಳು.

“ವಾಪಸ್ ಕೊಡಂಗಿಲ್ಲ,” ಎಂದಳು.