ನೂರ ಹನ್ನೆರಡರ ಆಮೇಲೆ

ಕತ್ತಲಲ್ಲಿ ಭ್ರಮೆಯಾಗಿರಬೇಕು ಎನ್ನಬೇಡಿ. ಇದು ನಡೆದದ್ದು ಮಟಮಟ ಮಧ್ಯಾಹ್ನ.

ಹಳೇ ಟಾಕೀಸುಗಳ ಹಾರ್ನ್ ಸ್ಪೀಕರ್ ರಿಪೇರಿ ಮಾಡುವುದು ನನ್ನ ಕಸುಬು. ನಮ್ಮೂರ ಟಾಕೀಸಿನ ಆಪರೇಟರ್ ತೀರಿಕೊಂಡ ತಿಂಗಳಿಗೆ ಅವರ ಹೆಂಡತಿ ಬಂದು, ಒಂದು ಹಾರ್ನ್ ಸ್ಪೀಕರನ್ನೂ ಅರ್ಧ ಸುತ್ತಿದ ಕ್ರಾಸೋವರ್ ಕಾಯಿಲನ್ನೂ ಮೇಜಿನ ಮೇಲಿಟ್ಟರು. ದಪ್ಪ ದನಿಯನ್ನು ಪೆಟ್ಟಿಗೆಗೂ ತೆಳು ದನಿಯನ್ನು ಹಾರ್ನಿಗೂ ಬೇರೆ ಮಾಡಿ ಕಳಿಸುವುದು ಕ್ರಾಸೋವರಿನ ಕೆಲಸ.

"ಸುತ್ತು ಎಣಿಸ್ತಾ ಎಣಿಸ್ತಾನೇ ಹೋಗ್ಬಿಟ್ರು. ನೀವೇ ಮುಗಿಸ್ಕೊಡಿ ಅಣ್ಣ," ಎಂದರು.

ಕಾಯಿಲಿಗೆ ಅಂಟಿಸಿದ ಚೀಟಿಯಲ್ಲಿ ೧೧೨ ಎಂದಿತ್ತು. ಇನ್ನೊಬ್ಬರು ಸುತ್ತಿದ್ದನ್ನು ಬಿಚ್ಚಿ ಒಂದರಿಂದ ಶುರು ಮಾಡಬೇಕೆಂಬುದು ನಾನು ಕಲಿತ ಮೊದಲ ಪಾಠ. ಆದರೆ ಒಳ್ಳೆಯ ತಾಮ್ರದ ತಂತಿ, ಜೊತೆಗೆ ನನ್ನ ಸೋಮಾರಿತನ. ನೂರ ಹದಿಮೂರರಿಂದಲೇ ಬಾಯಿಬಿಟ್ಟು ಎಣಿಸತೊಡಗಿದೆ.

ನೂರ ನಲವತ್ತಕ್ಕೆ ನನ್ನ ಲೆಕ್ಕ ತಪ್ಪಿತು. "ನೂರ ನಲವತ್ತೊಂದು," ಎಂದಿತು ಹಾರ್ನು, ಕೆಮ್ಮು ನುಂಗಿಕೊಂಡ ಗಂಡಸಿನ ದನಿಯಲ್ಲಿ.

ಅದರ ಎರಡೂ ವೈರು ಯಾವುದಕ್ಕೂ ಸೇರದೆ ಮೇಜಿನ ಮೇಲೆ ಬಿದ್ದಿದ್ದವು. ತಗಡಿನ ಬಾಯಿಗೆ ಅಂಗೈ ಒಡ್ಡಿದೆ. ಉಸಿರಿನಷ್ಟು ಬೆಚ್ಚಗಿತ್ತು, ತುಸು ಒದ್ದೆ. ಎದ್ದು ಹೋಗಬೇಕಿತ್ತು. ಕೈ ಮಾತ್ರ ಮತ್ತೆ ಸುತ್ತತೊಡಗಿತು, ದನಿ ಎಣಿಸುತ್ತ ಹೋಯಿತು. ಇನ್ನೂರ ಅರವತ್ತಕ್ಕೆ ದನಿ ನಿಂತಿತು. ಮೀಟರ್ ಹಿಡಿದು ನೋಡಿದರೆ ಕಾಯಿಲ್ ಕರಾರುವಾಕ್ಕಾಗಿತ್ತು.

ಸಂಜೆ ಆಕೆ ಬಂದಾಗ ಕಾಯಿಲ್ ಜೋಡಿಸಿ ಒಂದು ಹಾಡು ಹಾಕಿ ಕೇಳಿಸಿದೆ. "ಅವರಿದ್ದಾಗ್ಲೂ ಇಷ್ಟು ಚೆನ್ನಾಗಿ ಹಾಡಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡು ಒಯ್ದರು.

ಅದಾಗಿ ಮೂರು ವರ್ಷ. ಹಾರ್ನು ಅವರ ಮನೆಯಲ್ಲೇ ಇದೆ. ಇಲ್ಲಿ ನಾನು ಯಾರ ಕಾಯಿಲ್ ಸುತ್ತಿದರೂ ನೂರ ಹನ್ನೆರಡರವರೆಗೆ ಎಣಿಸುತ್ತೇನೆ. ಆಮೇಲೆ ನಾನು ಎಣಿಸಬೇಕಾಗಿಲ್ಲ.